ಟಾಕೀಸಿನಲ್ಲಿ ಅಜ್ಜಿ ಕೂಗಿದ್ದು

ಒಣ ಮೆಣಸಿನಕಾಯಿಯ ಘಾಟು ಮೂಗಿಗೆ ಬಡಿದರೆ, ಸೀನು ಬರುವ ಮೊದಲೇ ನನಗೆ ಈಗಲೂ ಬ್ಯಾಡಗಿಯ ಆ ಸಿನಿಮಾ ನೆನಪಾಗುತ್ತದೆ.

ಅಂದು ಮಧ್ಯಾಹ್ನ ಮೆಣಸಿನಕಾಯಿ ತೊಟ್ಟು ಬಿಡಿಸುವ ಕೆಲಸ ಬೇಗ ಮುಗಿದಿತ್ತು. ಹೆಂಗಸರೆಲ್ಲ ಸೆರಗು ಝಾಡಿಸಿಕೊಂಡು ನೇರ ಟಾಕೀಸಿಗೆ ನಡೆದರು. ಅಜ್ಜಿ ಮತ್ತು ಅವ್ವನ ತಂಗಿ ಚಿಗವ್ವನ ನಡುವೆ ನಾನು ಕೂತೆ. ಅದು ಕಾಲೇಜು ಹುಡುಗ ಹುಡುಗಿಯ ಪ್ರೀತಿಯ ಚಿತ್ರ. ಪೇಪರಿನವರು ಅದನ್ನು ‘ಹುರುಳಿಲ್ಲದ ಕಥೆ’ ಎಂದು ಬರೆದಿದ್ದನ್ನು ಮಾವ ಬೆಳಿಗ್ಗೆಯೇ ಓದಿ ಹೇಳಿದ್ದ. ಆದರೂ ಒಂದು ಕುರ್ಚಿಯೂ ಖಾಲಿ ಇರಲಿಲ್ಲ. ಸೆರಗುಗಳ ಖಾರಕ್ಕೆ ಇಡೀ ಟಾಕೀಸು ಸೀನುತ್ತಿತ್ತು. ಕಣ್ಣೊರೆಸಿಕೊಳ್ಳುತ್ತಿದ್ದವರಲ್ಲಿ ಯಾರು ಅಳುತ್ತಿದ್ದರೋ, ಯಾರಿಗೆ ಖಾರ ತಾಗಿತ್ತೋ ನನಗೆ ತಿಳಿಯಲಿಲ್ಲ.

ಕೊನೆಗೆ ಹುಡುಗಿ ಮನೆ ಬಿಟ್ಟು ಓಡಿದಳು. ಹಿಂದೆ ಅವಳಪ್ಪ ಬೆನ್ನತ್ತಿದ. ಅಜ್ಜಿ ಎದ್ದು ನಿಂತುಬಿಟ್ಟಳು.

“ಓಡವ್ವಾ, ಲಗೂ ಓಡು! ಹೊಳ್ಳಿ ನೋಡಬ್ಯಾಡ!”

ಹಿಂದಿನ ಸಾಲಿನವರು ಸಿಳ್ಳೆ ಹೊಡೆದರು. ಚಿಗವ್ವ ನನ್ನ ಕೈಯನ್ನು ನೋಯುವಷ್ಟು ಬಿಗಿಯಾಗಿ ಹಿಡಿದಿದ್ದಳು.

ಮನೆಗೆ ಬರುವ ದಾರಿಯಲ್ಲಿ ಅವಳು ಮೆಲ್ಲಗೆ, “ಯವ್ವಾ, ಆ ರಾಣೆಬೆನ್ನೂರ ಹುಡುಗನ್ನ ಒಮ್ಮೆ ಮನಿಗೆ ಕರೀಲೇನ?” ಎಂದಳು.

“ಹಾವೇರಿಯವರಿಗೆ ಮಾತು ಕೊಟ್ಟಾಗೈತಿ. ಸುಮ್ನ ನಡಿ,” ಎಂದಳು ಅಜ್ಜಿ.

ನನಗೆ ಏನೊಂದೂ ಅರ್ಥವಾಗಲಿಲ್ಲ. “ಅಜ್ಜೀ, ಸಿನಿಮಾದಾಗ ಆಕಿಗೆ ಓಡು ಅಂದ್ಯಲ್ಲ?” ಎಂದು ಕೇಳಿಯೇಬಿಟ್ಟೆ.

ಅಜ್ಜಿ ನಿಂತಳು. ಚಿಗವ್ವನೂ ನಿಂತಳು. ಅಜ್ಜಿ ಸೆರಗಿನಿಂದ ಕಣ್ಣೊರೆಸಿಕೊಂಡಳು.

“ಆಕಿ ಬ್ಯಾರೆ ಮಂದಿ ಮಗಳು,” ಎಂದಳು.