ಬೀದಿಯ ಒಬ್ಬಳೇ ಓದುಗಾರ್ತಿ

ಎದುರಿನ ಮುಖ ನೋಡಿಯೇ ಪುಸ್ತಕಗಳು ಅಕ್ಷರ ತೋರಿಸುವ ಕಾಲವದು. ಕಪ್ಪು ಮುಖ ಅವಕ್ಕೆ ಮುಖವೆಂದೇ ಕಾಣುತ್ತಿರಲಿಲ್ಲ, ಹಾಳೆ ಖಾಲಿಯಾಗಿಯೇ ಉಳಿಯುತ್ತಿತ್ತು. ಅದಕ್ಕೇ ಅಮೆರಿಕದ ಒಂದು ಕಪ್ಪು ಜನರ ಬೀದಿಯಲ್ಲಿ ಜಡೆ ಹೆಣೆಯುವ ಅಂಗಡಿ ಇಟ್ಟಿದ್ದ ವರ್ನೀಟಾ, ವಿಗ್ ತೊಡಿಸುವ ಬಿಳಿ ಬೊಂಬೆಯ ತಲೆಯನ್ನು ಪುಸ್ತಕದ ಮುಂದೆ ಕೂರಿಸುತ್ತಿದ್ದಳು. ಜಡೆ ಹಾಕಿಸಿಕೊಳ್ಳಲು ಬಂದವರು ಬೊಂಬೆಯ ಹಿಂದಿನಿಂದ ಇಣುಕಿ ಗಟ್ಟಿಯಾಗಿ ಓದಬೇಕು. ಓದದವರ ತಲೆಯನ್ನು ಅವಳು ಮುಟ್ಟುತ್ತಿರಲಿಲ್ಲ.

ಅಂದು ಟಮೀಕಾ ಎಂಬ ಹುಡುಗಿ ಅರ್ಧ ಹೆಣೆದ ಜಡೆಯಲ್ಲೇ ತಿಮಿಂಗಿಲಗಳ ಬಗ್ಗೆ ಓದುತ್ತಿದ್ದಾಗ ಗ್ರಂಥಾಲಯದ ಬಿಳಿಯ ಅಧಿಕಾರಿ ಒಳಗೆ ಬಂದ. ಅವಳತ್ತ ತಿರುಗಿಯೂ ನೋಡಲಿಲ್ಲ.

"ನಾಳೆಯಿಂದ ಈ ಬೀದಿಗೆ ಪುಸ್ತಕ ಬರಲ್ಲ," ಎಂದ. "ನಿಮ್ಮೋರಿಗೆ ಓದೋ ಅಭ್ಯಾಸನೇ ಇಲ್ಲ. ಇಷ್ಟು ವರ್ಷದಲ್ಲಿ ಓದಿದ್ದು ಒಬ್ಬಳೇ ಒಬ್ಬಳು ಅಂತ, ಕಂಡ ಮುಖಗಳ ಲೆಕ್ಕ ಇಡೋ ಪುಸ್ತಕಗಳೇ ಹೇಳ್ತಿವೆ."

ವರ್ನೀಟಾ ಬೊಂಬೆಯ ತಲೆಯನ್ನು ಎತ್ತಿ ಅವನ ಕೈಗಿಟ್ಟಳು.

"ಆ ಒಬ್ಬಳು ಇವಳೇ. ಹೋಗೋವಾಗ ಕರ್ಕೊಂಡು ಹೋಗಿ."

ಪುಸ್ತಕದ ಹಾಳೆ ಖಾಲಿಯಾಯಿತು. ವಾಕ್ಯದ ನಡುವೆ ಟಮೀಕಾಳ ದನಿ ನಿಂತಿತು. ವರ್ನೀಟಾ ಬಾಗಿಲಿಗೆ ಚಿಲಕ ಹಾಕಿ, ಬೊಂಬೆ ಇದ್ದ ಜಾಗಕ್ಕೆ ಕುರ್ಚಿ ಎಳೆದು ಅಧಿಕಾರಿಗೆ ತೋರಿಸಿದಳು.

"ಪಾಠ ಮುಗಿದಿಲ್ಲ, ಕೂತ್ಕೊಳ್ಳಿ," ಎಂದಳು. "ಮುಖ ಮಾತ್ರ ಅಲ್ಲಾಡಿಸ್ಬೇಡಿ."