ಹೊಲಿದ ಮನುಷ್ಯ

ಪರದೆಯ ಮೇಲೆ ಹೊಲಿದ ಮನುಷ್ಯ ಎದ್ದು ಕುಳಿತಾಗ ಗದ್ವಾಲಿನ ಆ ಚಿತ್ರಮಂದಿರದಲ್ಲಿ ಅರ್ಧ ಜನ ಕಣ್ಣು ಮುಚ್ಚಿಕೊಂಡರು. ಶೇಖಮ್ಮ ಮಾತ್ರ ಎದ್ದು ನಿಂತಳು. ಹಿಂದಿನ ಸಾಲಿನವರು ತೆಲುಗಿನಲ್ಲಿ ಗದರಿದರು. ಮಗಳು ಅಖಿಲಾ ಸೆರಗು ಹಿಡಿದು ಕೂರಿಸಿದಳು.

ಅಖಿಲಾ ಗದ್ವಾಲಿನಲ್ಲಿ ನರ್ಸಿಂಗ್ ಓದುತ್ತಿದ್ದಳು. ತನ್ನನ್ನು ನೋಡಲೆಂದು ಊರಿನಿಂದ ಬಂದ ತಾಯಿಯನ್ನು, ಸ್ವಲ್ಪ ಹೊತ್ತು ತಂಪಿನಲ್ಲಿ ಕೂರಲಿ ಎಂದು ಮಧ್ಯಾಹ್ನದ ಆಟಕ್ಕೆ ಕರೆತಂದಿದ್ದಳು. ಡಾಕ್ಟರೊಬ್ಬ ಹೆಣಗಳನ್ನು ಹೊಲಿದು ರಾಕ್ಷಸನನ್ನು ಮಾಡುವ ಹಳೆಯ ಕಥೆಯೇ. ಆದರೆ ಇದರಲ್ಲಿ ಆ ಹೆಣಗಳೆಲ್ಲ ನಗರಕ್ಕೆ ದುಡಿಯಲು ಬಂದು, ಸತ್ತು, ಕೇಳುವವರಿಲ್ಲದೆ ಉಳಿದ ಕೂಲಿಗಳವು. ಎದ್ದವನು ಮೊದಲು ತನ್ನ ಕೈಗಳನ್ನು ತಿರುಗಿಸಿ ತಿರುಗಿಸಿ ನೋಡಿಕೊಂಡ. ಶೇಖಮ್ಮನೂ ಮುಂದೆ ಬಾಗಿ ಆ ಕೈಗಳನ್ನೇ ನೋಡಿದಳು.

ಅಖಿಲಾ ಅಂಬೆಗಾಲಿಡುತ್ತಿದ್ದಾಗ ಅವಳಪ್ಪ ಯಂಕಣ್ಣ ಕುರಿಗಳನ್ನು ತಮ್ಮನಿಗೆ ಒಪ್ಪಿಸಿ, ಕಟ್ಟಡದ ಕೆಲಸಕ್ಕೆಂದು ಪುಣೆಗೆ ಹೋದವನು ತಿರುಗಿ ಬರಲಿಲ್ಲ. ಬರುತ್ತಾನೆ ಎಂದೇ ಶೇಖಮ್ಮ ಕುಂಕುಮ ಇಟ್ಟುಕೊಂಡು ಬಂದಿದ್ದಳು. ಹುಡುಕೋಣ ಎಂದವರ ಬಾಯಿ ಮುಚ್ಚಿಸಿದ್ದಳು. ಹುಡುಕಿದರೆ ಏನು ಸಿಗಬಹುದೆಂಬುದು ಅವಳಿಗೆ ಗೊತ್ತಿತ್ತು.

ಆಟ ಮುಗಿದ ಮೇಲೆ, ಶೇಖಮ್ಮ ಊರಿಗೆ ಮರಳಬೇಕಿದ್ದ ಮಕ್ತಲ್ ಬಸ್ಸಿಗಾಗಿ ನಿಲ್ದಾಣದ ಕಟ್ಟೆಯ ಮೇಲೆ ಕುಳಿತರು. ಇಂಥ ಸಿನಿಮಾಕ್ಕೆ ಕರೆತರಬಾರದಿತ್ತು ಎಂದು ಅಖಿಲಾ ಹಳಹಳಿಸುತ್ತಿದ್ದಳು. ಶೇಖಮ್ಮ ನಡುವೆಯೇ ಕೇಳಿದಳು.

"ದವಾಖಾನ್ಯಾಗ ವಾರಸ್ದಾರಿಲ್ಲದ ಹೆಣ ಖರೇನ ಇರ್ತಾವೇನು?"

ತಾಯಿಯ ಬಾಯಲ್ಲಿ ಅಖಿಲಾ 'ಹೆಣ' ಎಂಬ ಶಬ್ದ ಕೇಳಿದ್ದು ಅದೇ ಮೊದಲು. ಪಾಠದಲ್ಲಿ ಓದಿದ್ದನ್ನೇ ಹೇಳಿದಳು. "ಇರ್ತಾವವ್ವ. ಭಾಳ ದಿನ ಇಡೂದಿಲ್ಲ, ಮಣ್ಣು ಮಾಡ್ತಾರ. ಫೋಟೋ ತಗದು, ಗುರುತು ಬರದಿಟ್ಟಿರ್ತಾರ."

"ಎಂಥಾ ಗುರುತು?"

"ಗಾಯ, ಮಚ್ಚಿ, ಹಚ್ಚಿ... ಅಂಥಾವು."

ಶೇಖಮ್ಮ ಗಂಡನ ಗುರುತುಗಳನ್ನು ಕಾಲಿನಿಂದ ಶುರು ಮಾಡಿದಳು. ಎಡಗಾಲಿಗೆ ಕಿರುಬೆರಳಿಲ್ಲ. ಉಣ್ಣೆ ಕತ್ತರಿಸುವಾಗ ಪೆಟ್ಟಾಗಿ ಬಲಗೈ ಹೆಬ್ಬೆರಳು ಸೊಟ್ಟ. ಮುಂಗೈ ಮೇಲೆ ಕುಲದೇವರು ಬೀರಪ್ಪನ ಹೆಸರಿನ ಹಚ್ಚೆ, ಹಾಕಿದವನು ಒಂದು ಅಕ್ಷರ ನುಂಗಿದ್ದ. ಮರಿಗಳನ್ನು ಹೊತ್ತು ಹೊತ್ತು ಒಂದು ಭುಜ ತಗ್ಗಿತ್ತು. ಎರಡೂ ಕಿವಿಗೆ ತೂತು. ಎದೆಯ ಕೂದಲು ಎಳೆ ವಯಸ್ಸಿಗೇ ನರೆತಿತ್ತೆಂದು ಹೇಳುವಾಗ ಅವಳಿಗೆ ತುಸು ನಾಚಿಕೆಯೂ ಆಯಿತು.

ಅಖಿಲಾ ಕೇಳುತ್ತಿದ್ದಳು. ಅಪ್ಪ ಎಂಬ ಬರಿಯ ಹೆಸರಿಗೆ ಕಾಲು ಬಂತು, ಕೈ ಬಂತು, ಭುಜ ಬಂತು. ಮಕ್ತಲ್ ಬಸ್ಸು ಬಂದು ಹೊರಟುಹೋಯಿತು. ಇಬ್ಬರೂ ಏಳಲಿಲ್ಲ. ಮನೆಯಲ್ಲಿ ಅವನದೊಂದು ಫೋಟೋ ಕೂಡ ಇರಲಿಲ್ಲ.

"ಮತ್ತ ಮಾರಿ, ಅವ್ವಾ?"

ಶೇಖಮ್ಮ ಮಗಳ ಗದ್ದ ಹಿಡಿದು ಆ ಮುಖವನ್ನೇ ನೋಡಿದಳು.

"ಅದನ್ನ ಬಾಯಿಲೆ ಹೇಳೂದು ಬ್ಯಾಡ. ಪುಣೆಕ್ಕ ಹೋದಾಗ ನೀನ ಆ ದವಾಖಾನಿಯವರ ಮುಂದ ನಿಂದ್ರು."