ನಕ್ಷೆಯ ಹಾಳೆ

ಆರ್ವಿಡ್ ಎಸೆದ ಇಪ್ಪತ್ತು ಮುಖದ ದಾಳ ಅವನ ಅಡುಗೆಮನೆಯ ಮೇಜಿನ ಮೇಲೆ ಉರುಳಿ ಹತ್ತೊಂಬತ್ತಕ್ಕೆ ನಿಂತಿತು. ಹನ್ನೆರಡು ಬಿದ್ದಿದ್ದರೂ ಸಾಕಿತ್ತು, ಆಟದಲ್ಲಿ ಪಾತಾಳದ ಬಾವಿಗೆ ಜಾರುತ್ತಿದ್ದ ಮರೀಟಳ ಯೋಧೆಯನ್ನು ಆರ್ವಿಡ್‌ನ ಯೋಧ ಹಿಡಿದೆತ್ತಬಹುದಿತ್ತು. ಕಂಪ್ಯೂಟರಿನ ಪರದೆಯಲ್ಲಿ ನಾಲ್ಕು ಮುಖಗಳು ಕಾದಿದ್ದವು. ಅವರವರ ಮನೆಯಲ್ಲಿ ಎಸೆದು ಬಾಯಲ್ಲಿ ಹೇಳುವುದು, ಹೇಳಿದ್ದನ್ನು ನಂಬುವುದು ಅಮೆರಿಕದ ವಿಸ್ಕಾನ್ಸಿನ್ನಿನಲ್ಲಿ ಹಸು ಸಾಕುವ ಆ ಹಳೇ ಆಟಗಾರರ ಪದ್ಧತಿ.

ಆಟ ನಡೆಸುವ ಗಾರ್ತ್ ಬಣ್ಣಿಸಿದ ಸುರಂಗಗಳನ್ನೆಲ್ಲ ಚೌಕುಳಿ ಹಾಳೆಯಲ್ಲಿ ಬರೆಯುವ ಕೆಲಸ ಮೂವತ್ತು ವರ್ಷ ಆರ್ವಿಡ್‌ನದೇ ಆಗಿತ್ತು. ಹೊಸದಾಗಿ ಸೇರಿದ ಮರೀಟ ತಾನೂ ಬರೆದು ನೋಡಿದಾಗ ಅವಳ ಗೆರೆ ಒಮ್ಮೆಯೂ ತಪ್ಪಲಿಲ್ಲ. "ನೀನಿನ್ನು ಹಸು ಎಣಿಸ್ಕೊಂಡಿರು ಮಾರಾಯ" ಎಂದು ನಕ್ಕ ಗಾರ್ತ್, ಹಾಳೆಯನ್ನು ಅವಳಿಗೆ ಅಂಚೆಯಲ್ಲಿ ಕಳಿಸಲು ಹೇಳಿದ್ದ. ಅಂದಿನಿಂದ ಅವಳ ದನಿ ಕೇಳಿದರೇ ಆರ್ವಿಡ್‌ನ ಹೊಟ್ಟೆ ಉರಿಯುತ್ತಿತ್ತು.

"ಏನ್ ಬಿತ್ತೋ? ಹಾಲು ಕರೆಯೋ ಹೊತ್ತಾಯ್ತು," ಎಂದ ಗಾರ್ತ್.

"ನಾಲ್ಕು," ಎಂದ ಆರ್ವಿಡ್.

"ಹೋದ್ಳು! ನಕ್ಷೆ ಅವಳ ಚೀಲದಲ್ಲೇ ಇತ್ತು. ಆಟದಲ್ಲಿ ನಕ್ಷೆ ಹೊತ್ತೋರು ಸತ್ರೆ ಕೈಲಿರೋ ಹಾಳೇನೂ ಹರೀಬೇಕು, ಗೊತ್ತಲ್ಲ?" ಎಂದ ಗಾರ್ತ್.

ಮರೀಟ ಹಳದಿಗಟ್ಟಿದ ಹಾಳೆಯನ್ನು ಎತ್ತಿ ಹಿಡಿದಳು. ಒಂದು ಮೂಲೆಯಲ್ಲಷ್ಟೇ ಅವಳ ಗೆರೆ. ಉಳಿದದ್ದೆಲ್ಲ ಆರ್ವಿಡ್‌ನ ಪೆನ್ಸಿಲ್ಲಿನದು. "ಇದ್ರಲ್ಲಿ ನಿಂದೇ ಜಾಸ್ತಿ ಇದೆಯಲ್ಲ ಆರ್ವಿಡಣ್ಣ. ಹರೀಲಾ?"

"ಪದ್ಧತಿ ಅಂದ್ರೆ ಪದ್ಧತಿ. ಹರಿ," ಎಂದ ಆರ್ವಿಡ್, ಯಾರಿಗೂ ಕಾಣದ ದಾಳವನ್ನು ಅಂಗೈಯಿಂದ ಮುಚ್ಚಿಕೊಂಡ.